ಸಾಂತಿಯಾಗೊ ತಲುಪಿದ ಮೇಲೆ: ಪಾದಯಾತ್ರೆ ಮುಗಿಸಿದವರಿಗೆ ಮುಂದಿನ ಪುಣ್ಯಕ್ಷೇತ್ರಗಳ ದಾರಿ

ಫ್ರಾನ್ಸಿನ ಗಡಿಯಲ್ಲಿರುವ ಸೇನ್ ಜಾನ್ ಪಿಯೆ ದ ಪೋರ್ ಊರಿನಿಂದ ಹೊರಟು ಸುಮಾರು 780 ಕಿಲೋಮೀಟರ್ ನಡೆದು, ಯೇಸುವಿನ ಪ್ರೇಷಿತ ಶಿಷ್ಯ ಸಂತ ಯಕೋಬರ ಅವಶೇಷಗಳಿವೆಯೆಂದು ನಂಬುವ ಸ್ಪೇನಿನ ಸಾಂತಿಯಾಗೊ ದೆ ಕಂಪೊಸ್ತೆಲಾ ತಲುಪಿದವರಿಗೂ, ಸಮಯ ಸಾಲದೆ ಸಾರಿಯಾದಿಂದ ಕೊನೆಯ ನೂರು ಚಿಲ್ಲರೆ ಕಿಲೋಮೀಟರ್ ಮಾತ್ರ ನಡೆದವರಿಗೂ ಕೊನೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ. ಇಷ್ಟು ದೂರ ಬಂದಾಗಿದೆ, ವೀಸಾ ಇನ್ನೂ ಇದೆ, ರಜೆಯೂ ಒಂದಷ್ಟು ಉಳಿದಿದೆ. ಮನೆಗೆ ಮರಳುವ ಮೊದಲು ಇನ್ನಾವ ಕ್ಷೇತ್ರಗಳನ್ನು ನೋಡಬಹುದು? ಫಾತಿಮಾ, ಆವಿಲಾ, ಲೂರ್ದು, ಅಸ್ಸಿಸಿ, ರೋಮ್ ಎಂದು ಪಟ್ಟಿ ಬರೆದು ಒಂದೇ ವಾರದಲ್ಲಿ ಮುಗಿಸಲು ಹೊರಡುವವರು ಬಹಳ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನ ಗತಿಗೆ ಒಗ್ಗಿಕೊಂಡ ದೇಹ ಮತ್ತು ಮನಸ್ಸು ಇಂಥ ಓಟವನ್ನು ಸಹಿಸುವುದಿಲ್ಲ ಎಂಬುದು ಮೂರನೆಯ ವಿಮಾನ ನಿಲ್ದಾಣದ ಹೊತ್ತಿಗೆ ಗೊತ್ತಾಗುತ್ತದೆ.

ಆದ್ದರಿಂದ ಈ ಲೇಖನ ಎರಡು ನಿಯಮಗಳನ್ನು ಹಿಡಿದು ಸಾಗುತ್ತದೆ. ಹೋದ ಪ್ರತಿ ಕ್ಷೇತ್ರದಲ್ಲಿ ಕನಿಷ್ಠ ಒಂದು ರಾತ್ರಿ ತಂಗಬೇಕು, ಮತ್ತು ಅಲ್ಲಿ ಒಂದಿಷ್ಟು ದೂರವನ್ನಾದರೂ ಕಾಲ್ನಡಿಗೆಯಲ್ಲೇ ಕ್ರಮಿಸಬೇಕು. ಫಾತಿಮಾ ಮತ್ತು ಲೂರ್ದುಗಳಿಗೆ ಜೀವ ಬರುವುದೇ ಕತ್ತಲಾದ ಮೇಲೆ. ಹಗಲಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಮರಳುವವರು ಅಂಗಡಿ ಸಾಲು ಮತ್ತು ಬಯಲನ್ನಷ್ಟೇ ನೋಡಿ ಹೋಗುತ್ತಾರೆ. ಇನ್ನು ವಾರಗಟ್ಟಲೆ ನಡೆದ ಕಾಲುಗಳನ್ನು ಏಕಾಏಕಿ ಬಸ್ಸಿನ ಸೀಟಿನಲ್ಲಿ ಕೂರಿಸಿದರೆ ಅವು ಬಿಗಿದುಕೊಳ್ಳುತ್ತವೆ. ಒಳ್ಳೆಯ ಸಂಗತಿಯೆಂದರೆ ಈ ಕ್ಷೇತ್ರಗಳಲ್ಲೆಲ್ಲ ನಡೆಯಲೆಂದೇ ಮಾಡಿದ ಹಾದಿಗಳಿವೆ.

ಹೊರಡುವ ಮೊದಲೇ ಮಾಡಬೇಕಾದದ್ದು

ನಡಿಗೆಯ ನಂತರದ ದಿನಗಳನ್ನು ಸಾಂತಿಯಾಗೊದಲ್ಲಿ ಕುಳಿತು ಯೋಜಿಸಲಾಗದು. ಅದು ವೀಸಾ ಅರ್ಜಿಯ ಹಂತದಲ್ಲೇ ಆಗಬೇಕಾದ ಕೆಲಸ. ಸ್ಪೇನ್, ಪೋರ್ಚುಗಲ್, ಫ್ರಾನ್ಸ್, ಇಟಲಿ ನಾಲ್ಕೂ ಷೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು. ಆದರೆ 180 ದಿನಗಳಲ್ಲಿ 90 ದಿನ ಎಂಬುದು ಗರಿಷ್ಠ ಮಿತಿಯೇ ಹೊರತು ಎಲ್ಲರಿಗೂ ಸಿಗುವ ಅವಧಿಯಲ್ಲ. ವೀಸಾದ ಚೀಟಿಯಲ್ಲಿ ಎಷ್ಟು ದಿನ ಎಂದು ಬರೆದಿರುತ್ತದೆಯೋ ಅಷ್ಟೇ ದಿನ ಉಳಿಯಬಹುದು, ಮತ್ತು ಆ ಸಂಖ್ಯೆಯನ್ನು ಸಾಮಾನ್ಯವಾಗಿ ನೀವು ಸಲ್ಲಿಸಿದ ಪ್ರವಾಸ ಯೋಜನೆಯನ್ನು ನೋಡಿಯೇ ನಿರ್ಧರಿಸುತ್ತಾರೆ. ಸೇನ್ ಜಾನ್‌ನಿಂದ ಶುರುವಾಗುವ ಪೂರ್ಣ ಫ್ರೆಂಚ್ ಮಾರ್ಗಕ್ಕೆ ಸರಾಸರಿ ಐದು ವಾರ ಬೇಕು. ಕಾಲು ಊದಿಕೊಂಡರೆ ಎರಡು ಮೂರು ದಿನ ವಿಶ್ರಾಂತಿ. ಅದರ ಮೇಲೆ ಕ್ಷೇತ್ರದರ್ಶನಕ್ಕೆ ಎಂಟರಿಂದ ಹತ್ತು ದಿನ. ಇವನ್ನೆಲ್ಲ ಕೂಡಿಸಿ ಅರ್ಜಿಯಲ್ಲಿ ತೋರಿಸಬೇಕು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕುವುದು ನಿಯಮವಾದ್ದರಿಂದ, ನಡಿಗೆಯೇ ಮುಖ್ಯವಾಗಿರುವ ಪ್ರವಾಸಕ್ಕೆ ಅದು ಸ್ಪೇನ್ ಆಗಿರುತ್ತದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದು ನಡಿಗೆಯ ದಿನಗಳಿಗಷ್ಟೇ ಅಲ್ಲ, ಕೊನೆಯ ದಿನದವರೆಗೂ ಚಾಲ್ತಿಯಲ್ಲಿರಬೇಕು.

ವಿಮಾನದ ಟಿಕೆಟ್ಟನ್ನು ಹೋಗುವಾಗ ಒಂದು ಊರಿಗೆ, ಮರಳುವಾಗ ಇನ್ನೊಂದು ಊರಿನಿಂದ ಎಂಬಂತೆ ಒಟ್ಟಿಗೇ ಕಾದಿರಿಸಿದರೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವ ಖರ್ಚು ಮತ್ತು ಆಯಾಸ ಎರಡೂ ಉಳಿಯುತ್ತವೆ. ಮ್ಯಾಡ್ರಿಡ್ ಅಥವಾ ಪ್ಯಾರಿಸ್‌ಗೆ ಇಳಿದು ಲಿಸ್ಬನ್‌ನಿಂದ ಹೊರಡುವುದು ಬಹುತೇಕ ಯಾತ್ರಿಕರಿಗೆ ಹೊಂದುವ ಏರ್ಪಾಡು.

ದಿನಾಂಕಗಳ ಬಗ್ಗೆ ಒಂದು ಎಚ್ಚರಿಕೆ. ಜುಲೈ 25 ಸಾಂತಿಯಾಗೊದಲ್ಲಿ ಸಂತ ಯಕೋಬರ ಹಬ್ಬ. ಆಗಸ್ಟ್ 15ರ ಸುತ್ತ ಲೂರ್ದು ಕಿಕ್ಕಿರಿಯುತ್ತದೆ. ಫಾತಿಮಾದಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಪ್ರತಿ 12 ಮತ್ತು 13ರಂದು ದೊಡ್ಡ ಜಾತ್ರೆಯೇ ನೆರೆಯುತ್ತದೆ. ಸರಗೋಸಾದಲ್ಲಿ ಅಕ್ಟೋಬರ್ 12 ಮುಖ್ಯ ದಿನ. ಜನಸಾಗರದ ನಡುವೆ ನಿಂತು ಪ್ರಾರ್ಥಿಸುವ ಅನುಭವ ಬೇಕೆನ್ನುವವರು ತಿಂಗಳುಗಳ ಮುಂಚೆಯೇ ಕೋಣೆ ಕಾದಿರಿಸಬೇಕು. ಮೌನ ಬೇಕೆನ್ನುವವರು ಆ ದಿನಗಳನ್ನು ಬಿಟ್ಟು ವಾರದ ನಡುವಿನಲ್ಲಿ ಹೋಗಬೇಕು. ಜುಲೈ 25 ಭಾನುವಾರ ಬರುವ ವರ್ಷ ಸಾಂತಿಯಾಗೊಗೆ ಪವಿತ್ರ ವರ್ಷ. 2021ರ ನಂತರ ಅದು 2027ರಲ್ಲಿ, ಆಮೇಲೆ 2032ರಲ್ಲಿ ಬರುತ್ತದೆ. ಆ ವರ್ಷ ಅಲ್ಲಿನ ಪ್ರಧಾನಾಲಯದ (ಕೆಥೆಡ್ರಲ್) ಕಿಂತಾನಾ ಚೌಕದ ಕಡೆಗಿರುವ ಪವಿತ್ರ ದ್ವಾರ ತೆರೆದಿರುತ್ತದೆ, ಹಾದಿಯಲ್ಲಿ ಹಾಸಿಗೆ ಸಿಗುವುದೂ ಕಷ್ಟವಾಗುತ್ತದೆ.

ಸಾಂತಿಯಾಗೊದಲ್ಲಿ ಮೊದಲ ಎರಡು ದಿನ

ಊರು ತಲುಪಿದ ದಿನವೇ ಮುಂದಿನ ಬಸ್ಸು ಹತ್ತಬಾರದು. ಮೊದಲು ರುವಾ ದಾಸ್ ಕಾರ್ರೆತಾಸ್ ಬೀದಿಯಲ್ಲಿರುವ ಯಾತ್ರಿಕರ ಕಚೇರಿಗೆ ಹೋಗಿ, ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡ ಪುಸ್ತಿಕೆಯನ್ನು ತೋರಿಸಿದರೆ ಲ್ಯಾಟಿನ್ ಭಾಷೆಯಲ್ಲಿ ನಿಮ್ಮ ಹೆಸರು ಬರೆದ ಕಂಪೊಸ್ತೆಲಾ ಪತ್ರ ಉಚಿತವಾಗಿ ಸಿಗುತ್ತದೆ. ಕಾಲ್ನಡಿಗೆಯವರಿಗೆ ಕನಿಷ್ಠ 100 ಕಿಲೋಮೀಟರ್, ಸೈಕಲ್ಲಿನವರಿಗೆ 200 ಎಂಬುದು ನಿಯಮ. ಎಷ್ಟು ದೂರ ನಡೆದಿರಿ ಎಂದು ನಮೂದಿಸುವ ಇನ್ನೊಂದು ಪತ್ರಕ್ಕೆ ಸಣ್ಣ ಶುಲ್ಕವಿದೆ. ಮುಂಚಿತವಾಗಿ ಆನ್‌ಲೈನಿನಲ್ಲಿ ವಿವರ ತುಂಬಿಟ್ಟರೆ ಕೌಂಟರಿನಲ್ಲಿ ನಿಲ್ಲುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಪತ್ರ ಮಡಚಿದರೆ ಹಾಳಾಗುತ್ತದಾದ್ದರಿಂದ ಅಲ್ಲೇ ಮಾರುವ ರಟ್ಟಿನ ಕೊಳವೆಯನ್ನು ಕೊಂಡುಬಿಡುವುದು ಜಾಣತನ.

ಪ್ರಧಾನಾಲಯದೊಳಗೆ ಬೆನ್ನುಚೀಲ ಬಿಡುವುದಿಲ್ಲ. ವಸತಿಯಲ್ಲಿ ಅಥವಾ ಲಗೇಜು ಇಡುವ ಜಾಗದಲ್ಲಿ ಇಟ್ಟು ಬರಬೇಕು. ಯಾತ್ರಿಕರ ಬಲಿಪೂಜೆ (ಮಾಸ್) ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಏಳೂವರೆಗೂ ಇರುತ್ತದೆ. ಮಧ್ಯಾಹ್ನದ್ದಕ್ಕೆ ಕುಳಿತುಕೊಳ್ಳಲು ಜಾಗ ಬೇಕಾದರೆ ಒಂದು ಗಂಟೆ ಮೊದಲೇ ಒಳಗಿರಬೇಕು. ಸುಮಾರು 53 ಕಿಲೋ ತೂಕದ, ಎಂಟು ಜನ ಹಗ್ಗ ಜಗ್ಗಿ ಚಾವಣಿಯ ಎತ್ತರಕ್ಕೆ ತೂಗುವ ಬೊತಾಫುಮೈರೊ ಎಂಬ ಧೂಪದ ಪಾತ್ರೆಯನ್ನು ನೋಡಲೆಂದೇ ಬಹಳ ಜನ ಕಾಯುತ್ತಾರೆ. ಅದು ದಿನವೂ ತೂಗುವುದಿಲ್ಲ. ವರ್ಷದ ಕೆಲವು ಮುಖ್ಯ ಹಬ್ಬಗಳಲ್ಲಿ ಮತ್ತು ಯಾರಾದರೂ ಮುಂಗಡವಾಗಿ ಕಾಣಿಕೆ ಸಲ್ಲಿಸಿ ಕೋರಿಕೊಂಡ ದಿನಗಳಲ್ಲಿ ಮಾತ್ರ ಅದಕ್ಕೆ ಕೆಲಸ. ಕಾಣದಿದ್ದರೆ ಬೇಸರಪಡಬೇಕಾಗಿಲ್ಲ, ಪ್ರೇಷಿತ ಯಕೋಬರ ಅವಶೇಷಗಳಿವೆಯೆಂದು ನಂಬಲಾದ ನೆಲಮಾಳಿಗೆಯ ಬೆಳ್ಳಿಯ ಪೆಟ್ಟಿಗೆಯ ಮುಂದೆ ಮೊಣಕಾಲೂರುವುದೂ, ಪೀಠದ ಹಿಂದಿನ ಮೆಟ್ಟಿಲು ಹತ್ತಿ ಅವರ ಪ್ರತಿಮೆಯನ್ನು ಹಿಂಬದಿಯಿಂದ ಅಪ್ಪಿಕೊಳ್ಳುವುದೂ ಯಾತ್ರೆಯ ನಿಜವಾದ ಕೊನೆ. ಈ ಎರಡಕ್ಕೂ ಬೆಳಿಗ್ಗೆ ಬೇಗ ಹೋದರೆ ಸಾಲು ಇರುವುದಿಲ್ಲ.

ಎರಡನೆಯ ದಿನ ದೇಹದ ಕೆಲಸ. ಇದ್ದಬದ್ದ ಬಟ್ಟೆಯನ್ನೆಲ್ಲ, ಮಲಗುವ ಚೀಲವನ್ನೂ ಸೇರಿಸಿ, ಬಟ್ಟೆ ತಡೆಯುವಷ್ಟು ಬಿಸಿಯಲ್ಲಿ ಒಗೆದು ಬಿಸಿ ಡ್ರೈಯರಿನಲ್ಲಿ ಒಣಗಿಸಬೇಕು. ಹಾದಿಯ ಅಲ್ಬೆರ್ಗೆ ಎಂಬ ಯಾತ್ರಿಕರ ವಸತಿಗಳಲ್ಲಿ ತಿಗಣೆಯ ಕಾಟ ಇಲ್ಲದಿಲ್ಲ, ಅದನ್ನು ಮುಂದಿನ ಊರಿನ ಹೋಟೆಲಿಗೂ ಕೊನೆಗೆ ಮನೆಗೂ ಹೊತ್ತುಕೊಂಡು ಹೋಗುವುದು ಯಾರಿಗೂ ಬೇಡ. ಅಲ್ಬೆರ್ಗೆಯ ಅಗ್ಗದ ಹಾಸಿಗೆ ನಡೆದು ಬರುವವರಿಗೆ ಮಾತ್ರ. ಇನ್ನು ಮುಂದೆ ಸಾಮಾನ್ಯ ವಸತಿಯ ದರ ಕೊಡಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಬೇಕು. ಪ್ರಧಾನಾಲಯದ ಎದುರಿನ ಹಳೆಯ ಮಠ ಸಾನ್ ಮಾರ್ತಿನ್ ಪಿನಾರಿಯೊದ ಒಂದು ಭಾಗದಲ್ಲಿ ಯಾತ್ರಿಕರಿಗೆಂದೇ ಸರಳ ಕೋಣೆಗಳಿವೆ, ಎರಡು ರಾತ್ರಿಗೆ ಅದು ಒಳ್ಳೆಯ ಆಯ್ಕೆ.

ಹತ್ತಿರದವು: ಮುಶಿಯಾ, ಫಿನಿಸ್ತೆರೆ, ಪಾದ್ರೋನ್

ಇನ್ನೂ ನಡೆಯುವ ಬಲವಿದ್ದರೆ ಅಟ್ಲಾಂಟಿಕ್ ತೀರದ ಫಿನಿಸ್ತೆರೆಗೆ ಸುಮಾರು 90 ಕಿಲೋಮೀಟರ್, ಮೂರು ನಾಲ್ಕು ದಿನದ ಹಾದಿ. ಬಸ್ಸಿನಲ್ಲಾದರೆ ಎರಡು ಮೂರು ಗಂಟೆ. ಸೂರ್ಯಾಸ್ತದ ಚಿತ್ರಗಳಿಂದಾಗಿ ಎಲ್ಲರೂ ಫಿನಿಸ್ತೆರೆಗೆ ಮುಗಿಬೀಳುತ್ತಾರೆ. ಪುಣ್ಯಕ್ಷೇತ್ರದ ದೃಷ್ಟಿಯಿಂದ ನೋಡಿದರೆ ಮುಶಿಯಾವೇ ಹೆಚ್ಚು ತೂಕದ್ದು. ಸಂತ ಯಕೋಬರ ಬೋಧನೆಗೆ ಜನ ಕಿವಿಗೊಡದೆ ಅವರು ಕುಗ್ಗಿದ್ದಾಗ ಮಾತೆ ಮರಿಯಮ್ಮನವರು ಕಲ್ಲಿನ ದೋಣಿಯಲ್ಲಿ ಬಂದು ಧೈರ್ಯ ಹೇಳಿದರೆಂದು ಅಲ್ಲಿನ ನಂಬಿಕೆ. ಕಡಲಂಚಿನ ದೇವಾಲಯದ ಮುಂದಿನ ಬಂಡೆಗಳೇ ಆ ದೋಣಿಯ ಒಡಲು, ಹಾಯಿ, ಚುಕ್ಕಾಣಿ. ಹಾಯಿಯೆನ್ನುವ ಬಂಡೆ ಕಮಾನಿನಂತೆ ಬಾಗಿದೆ, ಅದರಡಿ ಒಂಬತ್ತು ಸಲ ನುಸುಳಿದರೆ ಬೆನ್ನುನೋವು ಹೋಗುತ್ತದೆಂದು ಹೇಳುತ್ತಾರೆ. ಬೆನ್ನುಚೀಲ ಹೊತ್ತು ಬಂದವರಲ್ಲಿ ಈ ಮಾತನ್ನು ಪರೀಕ್ಷಿಸದೆ ಬಿಡುವವರು ಕಡಿಮೆ. 2013ರ ಕ್ರಿಸ್ಮಸ್ ದಿನ ಈ ದೇವಾಲಯ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ಈಗ ಕಾಣುವುದು ಜೀರ್ಣೋದ್ಧಾರಗೊಂಡ ರೂಪ.

ಒಂದೇ ದಿನ ಕೈಯಲ್ಲಿದ್ದವರು ಪಾದ್ರೋನ್‌ಗೆ ಹೋಗಬೇಕು. ಪೋರ್ಚುಗಲ್ ಕಡೆಯಿಂದ ನಡೆದು ಬಂದವರು ಅದನ್ನು ದಾಟಿಯೇ ಬಂದಿರುತ್ತಾರೆ. ಫ್ರೆಂಚ್ ಮಾರ್ಗದವರಿಗೆ ಅದು ಹೊಸ ಊರು, ಸಾಂತಿಯಾಗೊದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಪ್ರೇಷಿತರ ದೇಹವನ್ನು ತಂದ ದೋಣಿಯನ್ನು ಕಟ್ಟಿದ್ದೆಂದು ನಂಬುವ ಕಲ್ಲು ಸಾರ್ ನದಿಯ ಪಕ್ಕದ ಸಾಂತಿಯಾಗೊ ಚರ್ಚಿನ ಪೀಠದ ಕೆಳಗೇ ಇದೆ. ಅದು ವಾಸ್ತವದಲ್ಲಿ ರೋಮನ್ನರ ಕಾಲದ ಶಾಸನದ ಕಲ್ಲು. ಹೊಳೆ ದಾಟಿ ಮೆಟ್ಟಿಲು ಹತ್ತಿದರೆ ಯಕೋಬರು ಬೋಧಿಸಿದ ಜಾಗವೆಂದು ಹೇಳುವ ಗುಡ್ಡ ಸಿಗುತ್ತದೆ. ಆ ಊರಿನ ನಡಿಗೆ ಅದೇ ಆಗಲಿ. ಸಸ್ಯಾಹಾರಿಗಳಿಗೆ ಇಲ್ಲಿ ಇನ್ನೊಂದು ಲಾಭವಿದೆ. ಎಣ್ಣೆಯಲ್ಲಿ ಬಾಡಿಸಿ ಉಪ್ಪುಹರಳು ಉದುರಿಸಿ ಕೊಡುವ ಪಾದ್ರೋನಿನ ಪುಟ್ಟ ಹಸಿರು ಮೆಣಸಿನಕಾಯಿ ಇಡೀ ಸ್ಪೇನಿನಲ್ಲಿ ಹೆಸರುವಾಸಿ, ಹೆಚ್ಚಿನವು ಸಪ್ಪೆ, ನಡುವೆ ಒಂದೊಂದು ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ.

ದಕ್ಷಿಣದ ದಾರಿ: ಬ್ರಾಗಾ, ಕೊಯಿಂಬ್ರಾ, ಫಾತಿಮಾ, ಲಿಸ್ಬನ್

ಇಲ್ಲಿ ಒಂದು ನಿರ್ಧಾರ ಮಾಡಬೇಕು: ದಕ್ಷಿಣಕ್ಕೆ ಪೋರ್ಚುಗಲ್ಲಿಗೋ, ಪೂರ್ವಕ್ಕೆ ಪಿರನೀಸ್ ಪರ್ವತದ ಕಡೆಗೋ. ಎರಡನ್ನೂ ಸೇರಿಸಲು ಎರಡು ವಾರಕ್ಕೂ ಹೆಚ್ಚು ಬೇಕು. ಮೊದಲ ಸಲ ಬಂದವರಿಗೆ ನನ್ನ ಸಲಹೆ ದಕ್ಷಿಣವೇ. ದೂರ ಕಡಿಮೆ, ಖರ್ಚು ಕಡಿಮೆ, ಬಸ್ಸು ರೈಲುಗಳು ಸರಳ, ಜೊತೆಗೆ ದಾರಿಯುದ್ದಕ್ಕೂ ಸಾಂತಿಯಾಗೊ ಯಾತ್ರೆಯ ನೆನಪುಗಳು ಸಿಗುತ್ತಲೇ ಹೋಗುತ್ತವೆ.

ಸಾಂತಿಯಾಗೊದಿಂದ ಪೋರ್ತೊಗೆ ನೇರ ಬಸ್ಸುಗಳಿವೆ. ರೈಲೇ ಬೇಕೆಂದರೆ ವೀಗೊಗೆ ಬಂದು ಅಲ್ಲಿಂದ ದಿನಕ್ಕೆ ಎರಡು ಸಲ ಹೊರಡುವ ಪೋರ್ತೊ ರೈಲು ಹಿಡಿಯಬೇಕು. ವೀಗೊದಲ್ಲಿ ಎರಡು ರೈಲು ನಿಲ್ದಾಣಗಳಿವೆ, ಪೋರ್ತೊ ರೈಲು ಹೊರಡುವುದು ಗೀಶಾರ್ ನಿಲ್ದಾಣದಿಂದ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಗಮನಿಸಿ. ಗಡಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು.

ಪೋರ್ತೊದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಬ್ರಾಗಾದ ಹೊರವಲಯದಲ್ಲಿ ಬೊಂ ಜೆಸುಸ್ ದೊ ಮೊಂತೆ ಇದೆ. ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವಿರುವ ಬೆಸಿಲಿಕಾಕ್ಕೂ ಇದೇ ಹೆಸರು ಎಂಬುದು ನಮ್ಮ ಓದುಗರಿಗೆ ಕೂಡಲೇ ನೆನಪಾದೀತು. ಕಾಡಿನ ನಡುವೆ ಅಂಕುಡೊಂಕಾಗಿ ಏರುವ ಬಿಳಿಗೋಡೆಯ ಮೆಟ್ಟಿಲ ಸಾಲು ಇಲ್ಲಿನ ಮುಖ್ಯ ನೋಟ. ಕೆಳಗೆ ಕ್ರಿಸ್ತರ ಯಾತನೆಯ ಕಿರುಗುಡಿಗಳು, ಮೇಲೆ ಪಂಚೇಂದ್ರಿಯಗಳ ಕಾರಂಜಿಗಳು: ಒಂದರಲ್ಲಿ ಕಲ್ಲಿನ ಮುಖದ ಕಣ್ಣುಗಳಿಂದ ನೀರು ಸುರಿದರೆ ಇನ್ನೊಂದರಲ್ಲಿ ಕಿವಿಗಳಿಂದ, ಮತ್ತೊಂದರಲ್ಲಿ ಮೂಗಿನಿಂದ. ಮಂಡಿ ಸಹಕರಿಸದವರಿಗೆ 1882ರಿಂದ ನೀರಿನ ಭಾರದಿಂದಲೇ ಓಡುತ್ತಿರುವ ಹಳಿಬಂಡಿ ಇದೆ. ಅದರಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವವರೇ ಹೆಚ್ಚು, ನಡೆದು ಸವೆದ ಮಂಡಿಗೆ ಇಳಿಯುವುದೇ ಹೆಚ್ಚು ಕಷ್ಟವಾದ್ದರಿಂದ ಹತ್ತುವಾಗ ಮೆಟ್ಟಿಲು, ಇಳಿಯುವಾಗ ಬಂಡಿ ಎಂಬುದು ಸರಿಯಾದ ಕ್ರಮ.

ಕೊಯಿಂಬ್ರಾವನ್ನು ಬಿಡುವವರು ಹೆಚ್ಚು, ಬಿಡಬಾರದ ಊರು ಅದು. ಪೋರ್ಚುಗಲ್ಲಿನ ರಾಣಿ ಸಂತ ಇಸಬೆಲ್ ತಮ್ಮ ಪತಿ ದೊರೆ ದಿನಿಸ್ ತೀರಿಕೊಂಡ 1325ರಲ್ಲಿ ಸಾಂತಿಯಾಗೊಗೆ ಯಾತ್ರೆ ಹೋದವರು. ಅವರ ಸಮಾಧಿಯನ್ನು 1612ರಲ್ಲಿ ತೆರೆದಾಗ ದೇಹದ ಜೊತೆಗೆ ಯಾತ್ರಿಕರ ಊರುಗೋಲೂ ಸಿಕ್ಕಿತು. ಮೊಂದೇಗೊ ನದಿಯಾಚೆಯ ಗುಡ್ಡದ ಮೇಲಿರುವ ಸಾಂತಾ ಕ್ಲಾರಾ ಆ ನೋವಾ ಮಠದಲ್ಲಿ ಅವರ ಬೆಳ್ಳಿ ಮತ್ತು ಸ್ಫಟಿಕದ ಸಮಾಧಿ ಇದೆ. ಊರಿನ ನಡುವಿನಿಂದ ಸೇತುವೆ ದಾಟಿ ಏರುವ ಆ ದಾರಿ ಕಡಿದಾಗಿದ್ದರೂ ಚಿಕ್ಕದು, ನಡೆದೇ ಹೋಗಬೇಕು. ಇದೇ ಊರಿನ ಸಂತ ತೆರೇಸಾ ಕಾರ್ಮೆಲ್ ಮಠದಲ್ಲಿ ಫಾತಿಮಾದ ಮೂವರು ಮಕ್ಕಳಲ್ಲಿ ದೀರ್ಘಕಾಲ ಬದುಕಿದ ಲೂಸಿಯಾ 1948ರಿಂದ 2005ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಪಕ್ಕದಲ್ಲೊಂದು ಸ್ಮಾರಕ ಸಂಗ್ರಹಾಲಯವಿದೆ. ಫಾತಿಮಾಕ್ಕೆ ಮೊದಲು ಇದನ್ನು ನೋಡಿದರೆ ಮುಂದಿನದು ಹೆಚ್ಚು ಅರ್ಥವಾಗುತ್ತದೆ.

ಫಾತಿಮಾಕ್ಕೆ ರೈಲಿನಲ್ಲಿ ಹೋಗಬೇಡಿ. ಆ ಹೆಸರಿನ ರೈಲು ನಿಲ್ದಾಣ ಇದೆ ನಿಜ, ಆದರೆ ಅದು ಪುಣ್ಯಕ್ಷೇತ್ರದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಹಳ್ಳಿಯಲ್ಲಿದೆ, ಅಲ್ಲಿ ಇಳಿದು ಟ್ಯಾಕ್ಸಿಗೆ ಪರದಾಡುವವರು ಇವತ್ತಿಗೂ ಇದ್ದಾರೆ. ಬಸ್ಸು ಊರಿನ ಒಳಗೇ ಬಿಡುತ್ತದೆ: ಕೊಯಿಂಬ್ರಾದಿಂದ ಸುಮಾರು ಒಂದು ಗಂಟೆ, ಲಿಸ್ಬನ್‌ನಿಂದ ಒಂದೂವರೆ ಗಂಟೆ.

1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಕುರಿ ಕಾಯುವ ಮಕ್ಕಳಿಗೆ ಮಾತೆಯ ದರ್ಶನವಾಯಿತೆಂದು ಹೇಳುವ ಕೋವಾ ದಾ ಇರಿಯಾ ಈಗ ವಿಶಾಲವಾದ ಬಯಲು. ಒಂದು ತುದಿಯಲ್ಲಿ 1953ರಲ್ಲಿ ಪ್ರತಿಷ್ಠಾಪನೆಗೊಂಡ ಜಪಮಾಲೆ ಮಾತೆಯ ಬೆಸಿಲಿಕಾ, ಇನ್ನೊಂದು ತುದಿಯಲ್ಲಿ 2007ರಲ್ಲಿ ಕಟ್ಟಿದ ಪವಿತ್ರ ತ್ರಿತ್ವದ ಬೆಸಿಲಿಕಾ, ನಡುವೆ ದರ್ಶನವಾದ ಜಾಗದಲ್ಲೇ ಒಂದು ಪುಟ್ಟ ಗುಡಿ. ಆ ಗುಡಿಯ ಕಡೆಗೆ ಇಳಿಜಾರಾಗಿ ನುಣುಪು ಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಹರಕೆ ಹೊತ್ತವರು ಅದರ ಮೇಲೆ ಮೊಣಕಾಲಿನಲ್ಲೇ ಸಾಗುತ್ತಾರೆ. ಮಂಡಿಗೆ ಬಟ್ಟೆ ಸುತ್ತಿಕೊಂಡ ತಾಯಿಯ ಕೈಯನ್ನು ಪಕ್ಕದಲ್ಲಿ ನಡೆಯುವ ಮಗ ಹಿಡಿದಿರುತ್ತಾನೆ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಮುಂದುವರಿಯುತ್ತಾರೆ. ನಮ್ಮಲ್ಲಿ ಉರುಳುಸೇವೆ ಕಂಡವರಿಗೆ ಇದು ಅಪರಿಚಿತವೆನಿಸದು. ಅವರ ಮುಂದೆ ನಿಂತು ಫೋಟೊ ತೆಗೆಯದಿರುವ ಸೌಜನ್ಯವನ್ನು ಮಾತ್ರ ಮರೆಯಬಾರದು.

ಗುಡಿಯ ಪಕ್ಕದಲ್ಲಿ ಮೇಣದಬತ್ತಿ ಹಚ್ಚುವ ಕಟ್ಟೆ. ಬತ್ತಿಗಳನ್ನು ಅಳತೆಯ ಪ್ರಕಾರ ಜೋಡಿಸಿಟ್ಟಿರುತ್ತಾರೆ, ಕಾಣಿಕೆ ಡಬ್ಬಿಗೆ ದುಡ್ಡು ಹಾಕಿ ತೆಗೆದುಕೊಳ್ಳಬೇಕು. ಜನ ಹೆಚ್ಚಾದ ದಿನ ಸರಳುಗಳ ನಡುವೆ ಸಿಕ್ಕಿಸಿದ ಬತ್ತಿ ನೆಟ್ಟಗೆ ನಿಲ್ಲುವುದೇ ಇಲ್ಲ. ಪಕ್ಕದ ಉರಿಯ ಬಿಸಿಗೆ ನಡುವಿನಲ್ಲೇ ಬಾಗಿ, ಇನ್ನೊಂದಕ್ಕೆ ಅಂಟಿ, ಕೆಳಗಿನ ತೊಟ್ಟಿಗೆ ಮೇಣವಾಗಿ ಇಳಿಯುತ್ತದೆ. ಕೈಕಾಲು, ಎದೆ, ಮಗು ಹೀಗೆ ವಾಸಿಯಾಗಬೇಕಾದ ಅಂಗದ ಆಕಾರದಲ್ಲಿ ಮಾಡಿದ ಮೇಣದ ರೂಪಗಳನ್ನೂ ಅದೇ ಉರಿಗೆ ಅರ್ಪಿಸುತ್ತಾರೆ. ಗಾಳಿ ನಿಮ್ಮ ಕಡೆ ತಿರುಗಿದಾಗ ಮುಖ ಸುಡುವಷ್ಟು ಶಾಖ ಬರುತ್ತದೆ, ನೈಲಾನ್ ಜಾಕೆಟ್ ತೊಟ್ಟವರು ದೂರ ನಿಲ್ಲುವುದು ಕ್ಷೇಮ.

ಪಾಸ್ಕ ಹಬ್ಬದಿಂದ (ಈಸ್ಟರ್) ಅಕ್ಟೋಬರ್‌ವರೆಗೆ ರಾತ್ರಿ ಒಂಬತ್ತೂವರೆಗೆ ಜಪಮಾಲೆ, ಅದರ ಬೆನ್ನಿಗೆ ಮೇಣದಬತ್ತಿಯ ಮೆರವಣಿಗೆ. ಜಪವನ್ನು ಒಂದೊಂದು ಭಾಗ ಒಂದೊಂದು ಭಾಷೆಯಲ್ಲಿ ಹೇಳುತ್ತಾರೆ. ನೀವು ಕನ್ನಡದಲ್ಲೋ ಕೊಂಕಣಿಯಲ್ಲೋ ಮೆಲ್ಲಗೆ ಹೇಳಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಕಾಗದದ ಮರೆ ಇರುವ ಬತ್ತಿಯನ್ನು ಸಂಜೆಯೇ ಕೊಂಡಿಟ್ಟುಕೊಳ್ಳಿ. ಬೇಸಿಗೆಯಲ್ಲೂ ರಾತ್ರಿ ಚಳಿಗಾಳಿ ಬೀಸುವುದರಿಂದ ಒಂದು ಬೆಚ್ಚನೆಯ ಮೇಲಂಗಿ ಬೇಕು.

ಮರುದಿನ ಬೆಳಿಗ್ಗೆಯ ನಡಿಗೆಯೇ ಫಾತಿಮಾದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ದಕ್ಷಿಣದ ವೃತ್ತದಿಂದ ಶುರುವಾಗುವ, ಕ್ರಿಸ್ತರ ಯಾತನೆಯನ್ನು ಧ್ಯಾನಿಸುತ್ತಾ ನಡೆಯುವ ಶಿಲುಬೆ ಹಾದಿ ಹಂಗೇರಿಯ ಕಥೋಲಿಕರು ಕಟ್ಟಿಸಿದ ಕಿರುಗುಡಿಗಳನ್ನು ದಾಟುತ್ತಾ, ಆಲಿವ್ ಮರಗಳು ಮತ್ತು ಕಲ್ಲುಪಾಗಾರಗಳ ನಡುವೆ, 1917ರ ಆಗಸ್ಟ್ 19ರ ದರ್ಶನವಾದ ವಾಲಿನ್ಯೊಸ್ ಮೂಲಕ ಸಾಗಿ, ಮಕ್ಕಳ ಮನೆಗಳಿರುವ ಅಲ್ಜುಸ್ತ್ರೆಲ್ ಹಳ್ಳಿಯ ಕಡೆಗೆ ಕರೆದೊಯ್ಯುತ್ತದೆ. ಒಟ್ಟು ಎರಡು ಮೂರು ಗಂಟೆ. ಬಯಲಿನ ಸಿಮೆಂಟಿನಿಂದ ಬೇಸರಗೊಂಡವರಿಗೆ ಆ ಮಕ್ಕಳು ಕುರಿ ಮೇಯಿಸಿದ ನೆಲ ಹೇಗಿತ್ತೆಂದು ಇಲ್ಲಿ ಗೊತ್ತಾಗುತ್ತದೆ. 2017ರ ಮೇ 13ರಂದು ಸಂತ ಪದವಿಗೇರಿದ ಫ್ರಾನ್ಸಿಸ್ಕೊ ಮತ್ತು ಜಸಿಂತಾ, ಜೊತೆಗೆ ಲೂಸಿಯಾ, ಮೂವರ ಸಮಾಧಿಗಳೂ ಹಳೆಯ ಬೆಸಿಲಿಕಾದಲ್ಲಿವೆ.

ಲಿಸ್ಬನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೋರ್ನಹಳ್ಳಿಗೆ ಹರಕೆ ಹೊತ್ತು ಹೋಗುವ ಮೈಸೂರು ಸೀಮೆಯವರಿಗೆ ಒಂದು ಮಾತು ಸಾಕು: ಪಾದುವಾದ ಸಂತ ಅಂತೋಣಿಯವರು ಹುಟ್ಟಿದ್ದು ಇಲ್ಲಿ. ಪ್ರಧಾನಾಲಯದ ಎದುರೇ ಇರುವ ಚಿಕ್ಕ ಚರ್ಚಿನ ನೆಲಮಾಳಿಗೆಯಲ್ಲಿ ಅವರು ಜನಿಸಿದ ಜಾಗವನ್ನು ತೋರಿಸುತ್ತಾರೆ.

ಪೂರ್ವದ ದಾರಿ: ಸರಗೋಸಾ, ಹಾವಿಯೆರ್, ಲೂರ್ದು

ಸಾಂತಿಯಾಗೊದಿಂದ ಮ್ಯಾಡ್ರಿಡ್‌ಗೆ ವೇಗದ ರೈಲಿನಲ್ಲಿ ಮೂರು ಮೂರೂವರೆ ಗಂಟೆ. ಮ್ಯಾಡ್ರಿಡ್‌ನಿಂದ ಸಂತ ತೆರೇಸಾ 1515ರಲ್ಲಿ ಹುಟ್ಟಿದ ಆವಿಲಾಕ್ಕೆ ಒಂದೂವರೆ ಗಂಟೆ; ಕೋಟೆಗೋಡೆಯ ಮೇಲಿನ ನಡಿಗೆಯೂ, 1562ರಲ್ಲಿ ಅವರು ಸ್ಥಾಪಿಸಿದ ಸಾನ್ ಹೊಸೆ ಮಠವೂ ಒಂದು ದಿನಕ್ಕೆ ತಕ್ಕವು. ಆದರೆ ಯಕೋಬರ ಹಾದಿಯಲ್ಲಿ ನಡೆದವರಿಗೆ ಹೆಚ್ಚು ಸಂಬಂಧವಿರುವುದು ಸರಗೋಸಾ. ಎಬ್ರೊ ನದಿಯ ದಡದಲ್ಲಿ ಯಕೋಬರಿಗೆ ಮಾತೆ ಮರಿಯಮ್ಮನವರು ಕಂಬವೊಂದರ ಮೇಲೆ ಕಾಣಿಸಿಕೊಂಡರೆಂಬ ನಂಬಿಕೆಯ ಮೇಲೆ ನಿಂತ ಪಿಲಾರ್ ಬೆಸಿಲಿಕಾ ಅಲ್ಲಿದೆ, ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು.

ಅಷ್ಟು ದೊಡ್ಡ ಬೆಸಿಲಿಕಾದೊಳಗೆ ಮೂರ್ತಿಯ ಎತ್ತರ 40 ಸೆಂಟಿಮೀಟರಿಗೂ ಕಡಿಮೆ. ಕಂಬಕ್ಕೆ ದಿನವೂ ಬೇರೆ ಬೇರೆ ಮೇಲುವಸ್ತ್ರ ಹೊದಿಸುತ್ತಾರೆ. ಪ್ರತಿ ತಿಂಗಳ 2, 12 ಮತ್ತು 20ರಂದು ಮಾತ್ರ ಅದಿರುವುದಿಲ್ಲ, ಕಂಬವನ್ನು ಇದ್ದಂತೆ ನೋಡಬೇಕಾದರೆ ಆ ದಿನ ಹೋಗಬೇಕು. ಗುಡಿಯ ಹಿಂಬದಿಗೆ ಸುತ್ತಿ ಬಂದರೆ ಗೋಡೆಯಲ್ಲೊಂದು ಕಿಂಡಿ. ಅಲ್ಲಿ ಬಗ್ಗಿ ಕಂಬವನ್ನು ಮುತ್ತಿಡುವುದು ರೂಢಿ, ಶತಮಾನಗಳ ತುಟಿ ಮತ್ತು ಬೆರಳುಗಳಿಗೆ ಕಲ್ಲು ಸವೆದು ತಗ್ಗಾಗಿದೆ. ಬೇರೆಡೆ ಗೋಡೆಯ ಮೇಲೆ ಎರಡು ಬಾಂಬುಗಳನ್ನು ನೇತುಹಾಕಿದ್ದಾರೆ, 1936ರ ಆಗಸ್ಟ್‌ನಲ್ಲಿ ಅಂತರ್ಯುದ್ಧದ ಹೊತ್ತು ವಿಮಾನದಿಂದ ಬಿದ್ದರೂ ಸಿಡಿಯದೆ ಉಳಿದವು.

ಗೋವಾದಲ್ಲಿ ಸಂತ ಕ್ಸೇವಿಯರರ ದೇಹದ ಪ್ರದರ್ಶನಕ್ಕೆ ಹೋಗಿ ಬಂದ ಕರಾವಳಿಯ ಕುಟುಂಬಗಳಿಗೆ ಹಾವಿಯೆರ್ ಕೋಟೆ ಬಿಡಲಾಗದ ಊರು. ಸಂತ ಫ್ರಾನ್ಸಿಸ್ ಕ್ಸೇವಿಯರರು 1506ರ ಏಪ್ರಿಲ್ 7ರಂದು ಹುಟ್ಟಿದ ಮನೆ ಅದು. ಪಾಂಪ್ಲೋನಾದಿಂದ ಬಸ್ಸುಗಳು ಬಹಳ ಕಡಿಮೆ. ಸಾಂಗ್ವೇಸಾ ಊರಿಗೆ ಬಂದು ಅಲ್ಲಿಂದ ಸುಮಾರು 8 ಕಿಲೋಮೀಟರ್ ನಡೆದು ಹೋಗುವುದು ಒಳ್ಳೆಯದು. ಮಾರ್ಚ್ ತಿಂಗಳಲ್ಲಿ ನವಾರಾ ಪ್ರಾಂತದ ಜನ ಸಾವಿರಗಟ್ಟಲೆ ಬಂದು ನಡೆಯುವುದೂ ಈ ದಾರಿಯಲ್ಲೇ. ಕೋಟೆಯ ಕಿರುಗುಡಿಯಲ್ಲಿ ಮರದ ಒಂದು ಹಳೆಯ ಶಿಲುಬೆಮೂರ್ತಿ ಇದೆ, ಅದರ ತುಟಿಯಂಚಿನಲ್ಲಿ ಮುಗುಳ್ನಗೆ ಇರುವುದನ್ನು ಹತ್ತಿರ ನಿಂತೇ ನೋಡಬೇಕು.

ಲೂರ್ದಿಗೆ ಸ್ಪೇನಿನ ಕಡೆಯಿಂದ ಸರಳ ದಾರಿಯೆಂದರೆ ಸಾನ್ ಸೆಬಾಸ್ತಿಯನ್‌ನಿಂದ ಸ್ಥಳೀಯ ರೈಲಿನಲ್ಲಿ ಗಡಿಯಾಚೆಯ ಆಂದಾಯ್‌ಗೆ ಹೋಗಿ, ಅಲ್ಲಿಂದ ಬಯೋನ್ ಮೂಲಕ ಫ್ರೆಂಚ್ ರೈಲು ಹಿಡಿಯುವುದು. ಬಯೋನ್‌ನಿಂದಲೇ ಸೇನ್ ಜಾನ್ ಪಿಯೆ ದ ಪೋರ್‌ಗೂ ರೈಲು ಹೋಗುವುದರಿಂದ, ಲೂರ್ದನ್ನು ನಡಿಗೆಯ ನಂತರಕ್ಕಿಂತ ಮೊದಲೇ ನೋಡಿ ಮುಗಿಸುವುದು ಅನೇಕರಿಗೆ ಅನುಕೂಲ. 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ ಬರ್ನದೆತ್ ಎಂಬ ಹುಡುಗಿಗೆ ಹದಿನೆಂಟು ಸಲ ಮಾತೆ ಮರಿಯಮ್ಮನವರ ದರ್ಶನವಾಯಿತೆಂದು ನಂಬುವ ಗುಹೆಯ ಮುಂದೆ ಬೆಳಗಿನ ಜಾವ ಹೋದರೆ ಹೊಳೆಯ ಸದ್ದೊಂದೇ ಕೇಳುತ್ತದೆ. ಚಿಲುಮೆಯ ನೀರನ್ನು ನಲ್ಲಿಗಳಿಂದ ಎಷ್ಟು ಬೇಕಾದರೂ ಉಚಿತವಾಗಿ ಹಿಡಿದುಕೊಳ್ಳಬಹುದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ ಒಂಬತ್ತಕ್ಕೆ ಬತ್ತಿಗಳ ಮೆರವಣಿಗೆ; ಗಾಲಿಕುರ್ಚಿಯ ರೋಗಿಗಳು ಮುಂದೆ, ಉಳಿದವರೆಲ್ಲ ಹಿಂದೆ, ಇಲ್ಲಿ ಆ ಕ್ರಮವನ್ನು ಎಲ್ಲರೂ ಪಾಲಿಸುತ್ತಾರೆ. ನಡಿಗೆಗೆ ಬೆಸಿಲಿಕಾದ ಪಕ್ಕದ ಎಸ್ಪೆಲ್ಯೂಗ್ ಗುಡ್ಡದ ಶಿಲುಬೆ ಹಾದಿ ಇದೆ.

ರೋಮನ್ನು ಈ ಪ್ರವಾಸಕ್ಕೆ ಸೇರಿಸಬೇಡಿ ಎಂದೇ ಹೇಳುತ್ತೇನೆ. ನಾಲ್ಕು ಮಹಾ ಬೆಸಿಲಿಕಾಗಳಿಗೇ ಮೂರು ದಿನ ಬೇಕು. ದಣಿದ ಕಾಲಿನಲ್ಲಿ ಸಂತ ಪೇತ್ರರ ಚೌಕದ ತಪಾಸಣೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ, ಅಸ್ಸಿಸಿಯನ್ನೂ ಸೇರಿಸಿಕೊಂಡು ಇನ್ನೊಂದು ಸಲ ಹೋಗುವುದು ಉತ್ತಮ.

ದೇವಾಲಯದ ಒಳಗೆ, ಊಟದ ಮೇಜಿನಲ್ಲಿ

ಈ ಹಾದಿ ನಡೆಯುವ ಕನ್ನಡಿಗರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಬಲಿಪೂಜೆಗೆ ಯಾರು ಬೇಕಾದರೂ ಬಂದು ಕೂರಬಹುದು; ಎಲ್ಲರೂ ಎದ್ದಾಗ ಎದ್ದು, ಕುಳಿತಾಗ ಕುಳಿತರೆ ಸಾಕು. ಪೂಜೆಯಲ್ಲಿ ಗುರುಗಳು ಹಂಚುವ ಪರಮ ಪ್ರಸಾದ ಮಾತ್ರ ಕಥೋಲಿಕರಿಗೆ ಮೀಸಲಾದದ್ದು, ಆಗ ತಮ್ಮ ಜಾಗದಲ್ಲೇ ಕುಳಿತಿರಬೇಕು, ಅದನ್ನು ಕೈಯಲ್ಲಿ ಪಡೆದು ಜೇಬಿಗೆ ಹಾಕಿಕೊಳ್ಳುವುದು ಬಹಳ ನೋವುಂಟುಮಾಡುವ ಕೆಲಸ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು, ತಲೆಯ ಮೇಲಿನ ಟೋಪಿ ತೆಗೆಯುವುದು, ಪೂಜೆಯ ವೇಳೆ ಫೋಟೊ ತೆಗೆಯದಿರುವುದು, ಇಷ್ಟು ಎಲ್ಲೆಡೆ ಸಲ್ಲುತ್ತದೆ. ಪಾಪನಿವೇದನೆ ಮಾಡಬೇಕೆನ್ನುವವರಿಗೆ ಫಾತಿಮಾ ಮತ್ತು ಲೂರ್ದುಗಳಲ್ಲಿ ಇಂಗ್ಲಿಷ್ ಬಲ್ಲ ಗುರುಗಳು ಸಿಗುತ್ತಾರೆ. ಸಣ್ಣ ಊರಿನ ಚರ್ಚುಗಳು ಮಧ್ಯಾಹ್ನದ ಹೊತ್ತು ಬೀಗ ಹಾಕಿರುತ್ತವೆ.

ಸಸ್ಯಾಹಾರಿಗಳು ಸ್ಪ್ಯಾನಿಷ್‌ನಲ್ಲಿ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’ ಎಂದು ಹೇಳಲು ಕಲಿತಿರಬೇಕು, ಮಾಂಸ ಬೇಡ, ಮೀನು ಬೇಡ ಎಂದರ್ಥ. ತರಕಾರಿ ಸಾರು ಎಂದು ಕೊಡುವ ಗಲಿಸಿಯಾದ ಕಾಲ್ದೊದಲ್ಲಿ ಹಂದಿಯ ಕೊಬ್ಬೂ, ಪೋರ್ಚುಗಲ್ಲಿನ ಹಸಿರು ಸಾರು ಕಾಲ್ದೊ ವೆರ್ದೆಯಲ್ಲಿ ಮಾಂಸದ ತುಂಡೂ ಇರುತ್ತದೆ.

ಮರಳುವ ಮುನ್ನ ಚೀಲ ಕಟ್ಟುವುದು

ನಡಿಗೆಯ ಕೋಲುಗಳನ್ನು ವಿಮಾನದೊಳಗೆ ಕೈಚೀಲದ ಜೊತೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಮಡಚಿ ದೊಡ್ಡ ಲಗೇಜಿನಲ್ಲಿ ಹಾಕಬೇಕು, ಇಲ್ಲವೇ ಸಾಂತಿಯಾಗೊದಲ್ಲೇ ಮುಂದಿನ ಯಾತ್ರಿಕರಿಗೆ ಕೊಟ್ಟುಬಿಡಬೇಕು. ಸವೆದ ಬೂಟನ್ನು ಭಾವನೆಗೆ ಕಟ್ಟುಬಿದ್ದು ಹೊತ್ತು ತಿರುಗುವವರಿದ್ದಾರೆ. ಬಸ್ಸು ರೈಲುಗಳ ಪ್ರವಾಸಕ್ಕೆ ಹಗುರವಾದ ಚಪ್ಪಲಿಯೇ ಸಾಕು, ಆದರೆ ಶಿಲುಬೆ ಹಾದಿಗಳ ಕಲ್ಲುದಾರಿಯನ್ನು ನೆನೆದು ಹಿಂದೆ ಪಟ್ಟಿ ಇರುವಂಥದ್ದನ್ನು ಆರಿಸಿ. ಮಲಗುವ ಚೀಲ, ಮಳೆಕೋಟು ಮುಂತಾದ ಬೇಡದ ಸಾಮಾನನ್ನು ಸಾಂತಿಯಾಗೊದ ಅಂಚೆ ಕಚೇರಿಯಲ್ಲಿ ಇರಿಸಿ ಹೋಗುವ ವ್ಯವಸ್ಥೆ ಇದೆ. ನೀವು ಮರಳಿ ಅದೇ ಊರಿಗೆ ಬರುವುದಿದ್ದರೆ ಮಾತ್ರ ಅದು ಉಪಯೋಗ.

ಲೂರ್ದಿನ ನೀರು ತರುವವರು 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಇಡುವಂತಿಲ್ಲ ಎಂಬುದನ್ನು ಮರೆಯಬಾರದು. ಅಂಗಡಿಗಳಲ್ಲಿ ಮಾರುವ, ನೀಲಿ ಕಿರೀಟವೇ ಮುಚ್ಚಳವಾಗಿರುವ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿಗಳು ಚಂದವಾಗಿದ್ದರೂ ಆ ಮುಚ್ಚಳ ನೆಚ್ಚುವಂಥದ್ದಲ್ಲ. ಸಾಮಾನ್ಯ ನೀರಿನ ಬಾಟಲಿಯಲ್ಲಿ ತುಂಬಿ, ಅಂಟುಪಟ್ಟಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ದೊಡ್ಡ ಲಗೇಜಿನ ನಡುವೆ ಇಟ್ಟು, ಖಾಲಿ ಮಾತೆಯ ಬಾಟಲಿಗಳನ್ನು ಬೇರೆಯಾಗಿ ತಂದು ಮನೆಯಲ್ಲಿ ತುಂಬಿ ಹಂಚುವುದು ವಾಸಿ. ಕಂಪೊಸ್ತೆಲಾ ಪತ್ರದ ಕೊಳವೆಯನ್ನು ಮಾತ್ರ ಯಾವ ಕಾರಣಕ್ಕೂ ಲಗೇಜಿಗೆ ಹಾಕದೆ ಕೈಯಲ್ಲೇ ಹಿಡಿದು ಬನ್ನಿ.